ದೂರದ ಶಿಕಾರಿ ರೈಫಲ್‌ಗೆ ಸ್ಕೋಪ್ ಮತ್ತು ಸ್ಟಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೊಲೊರಾಡೊ, ವಯೋಮಿಂಗ್, ಐಡಾಹೊ ಕಡೆ ನೆಲೆಸಿ, ಎಲ್ಕ್ ಎಂಬ ದೊಡ್ಡ ಜಿಂಕೆ ಅಥವಾ ಮ್ಯೂಲ್ ಜಿಂಕೆಯ ಶಿಕಾರಿಗೆ ಹೊಸದಾಗಿ ಇಳಿಯುವ ಕನ್ನಡದ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ರೈಫಲ್ ಈಗಾಗಲೇ ಇದೆ, ಅದರ ಮೇಲೆ ಯಾವ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಬೇಕು, ಯಾವ ಸ್ಟಾಕ್ (ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಹಿಡಿ) ಹಾಕಬೇಕು ಅನ್ನುವವರಿಗೆ ಇದು. ದೂರಗಳನ್ನು ಗಜದಲ್ಲೇ ಕೊಟ್ಟಿದ್ದೇನೆ, ಅಲ್ಲಿನ ಶೂಟಿಂಗ್ ರೇಂಜ್‌ಗಳಲ್ಲಿ ಲೆಕ್ಕ ನಡೆಯುವುದು ಹಾಗೆಯೇ.

ದೂರ ಅಂದರೆ ಎಷ್ಟು ದೂರ?

ಮೊದಲು ಇದಕ್ಕೆ ಉತ್ತರ ಸಿಗಬೇಕು, ಸ್ಕೋಪಿನ ಮಾತು ಆಮೇಲೆ. ನನ್ನ ಪ್ರಕಾರ ಹೆಚ್ಚಿನವರಿಗೆ 400 ಗಜವೇ ದೂರ. ಚೆನ್ನಾಗಿ ಅಭ್ಯಾಸ ಮಾಡಿದವರಿಗೆ 500.

ಕಾರಣ ಗಾಳಿ. 6.5 ಕ್ರೀಡ್‌ಮೋರ್‌ನಂಥ ಒಳ್ಳೆಯ ತೋಟಾದಲ್ಲೂ, ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ 500 ಗಜದಲ್ಲಿ ಗುಂಡನ್ನು ಸುಮಾರು 15ರಿಂದ 17 ಇಂಚು ಪಕ್ಕಕ್ಕೆ ತಳ್ಳುತ್ತದೆ. ಎಲ್ಕ್‌ನ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಅಗಲ, ಅಷ್ಟೇ. ನೀವು 10 ಮೈಲಿ ಅಂದುಕೊಂಡ ಗಾಳಿ ನಿಜವಾಗಿ 14 ಮೈಲಿ ಇದ್ದರೆ ಗುಂಡು ಹೊಟ್ಟೆಗೆ ಬೀಳಬಹುದು. ಆ ದೂರಕ್ಕೆ ಗುಂಡು ಹೋಗಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೂ ಸಾಕು. ಗಾಯಗೊಂಡು ಕಾಡಿಗೆ ನುಗ್ಗಿದ ಎಲ್ಕ್ ಎಷ್ಟೋ ಸಲ ಸಿಗುವುದೇ ಇಲ್ಲ, ಎಲ್ಲೋ ನರಳಿ ಸಾಯುತ್ತದೆ. ಇದನ್ನು ಯಾವ ಗಾಜೂ ಸರಿಮಾಡುವುದಿಲ್ಲ.

ನಾನು ಹೇಳುವ ಪರೀಕ್ಷೆ ಇಷ್ಟೇ: 10 ಇಂಚಿನ ಉಕ್ಕಿನ ತಟ್ಟೆ ನೇತುಹಾಕಿ. ಬೆಂಚಿನ ಮೇಲೆ ಕೂತಲ್ಲ, ಬ್ಯಾಗ್ ಮೇಲೆ ರೈಫಲ್ ಇಟ್ಟು ನೆಲದಲ್ಲಿ ಮಲಗಿ ಅಥವಾ ಕೂತು, ಆ ದಿನದ ಮೊದಲ ಗುಂಡನ್ನೇ ಹೊಡೆಯಿರಿ. ಬೇರೆ ಬೇರೆ ದಿನ, ಬೇರೆ ಬೇರೆ ಗಾಳಿಯಲ್ಲಿ ಯಾವ ದೂರದವರೆಗೆ ಮೊದಲ ಗುಂಡು ತಪ್ಪದೇ ತಟ್ಟೆಗೆ ಬೀಳುತ್ತದೋ ಅದೇ ನಿಮ್ಮ ಮಿತಿ. ಸ್ಕೋಪ್, ಸ್ಟಾಕ್ ಎರಡನ್ನೂ ಆ ಮಿತಿಗೆ ತಕ್ಕಂತೆ ತಗೊಳ್ಳಿ. 1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಕೂಡ, ಅಪಾಯವನ್ನು ಗ್ರಹಿಸುವ ಅವಕಾಶವೇ ಪ್ರಾಣಿಗೆ ಇಲ್ಲದಷ್ಟು ದೂರದಿಂದ ಹೊಡೆಯುವುದನ್ನು ಒಪ್ಪುವುದಿಲ್ಲ. ಅದು ನನಗೂ ಸರಿ ಅನ್ನಿಸುತ್ತದೆ.

ಜಾಸ್ತಿ ಪವರ್ ಇರುವ ಸ್ಕೋಪ್ ತಗೊಂಡರೆ ಒಳ್ಳೆಯದಲ್ವಾ? 5–25 (5ರಿಂದ 25 ಪಟ್ಟು ದೊಡ್ಡದಾಗಿ ತೋರಿಸುವುದು) ನೋಡಿದ್ದೇನೆ.

ಬೇಡ. ಶಿಕಾರಿಗೆ 3–15 ಅಥವಾ ಅದರ ಆಸುಪಾಸು ಸಾಕು. 500 ಗಜದಲ್ಲಿ ನಿಂತ ಎಲ್ಕ್ 12 ಪವರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪವರ್ ಏರಿಸಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಹಿಂಡಿನಲ್ಲಿ ಯಾವ ಗಂಡು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಅದು ಮರದ ಮರೆಗೆ ಹೋಗಿರುತ್ತದೆ. ಈಡು ಹೊಡೆದ ಮೇಲಂತೂ ಒದೆತಕ್ಕೆ ಸ್ಕೋಪ್ ಮೇಲಕ್ಕೆ ಎದ್ದು, ಗುಂಡು ಎಲ್ಲಿ ಬಿತ್ತು ಅಂತಲೇ ಗೊತ್ತಾಗುವುದಿಲ್ಲ. ಎರಡನೇ ಗುಂಡು ಬೇಕಾ ಬೇಡವಾ ಎಂದು ನಿರ್ಧರಿಸಲು ಅದನ್ನು ನೋಡಲೇಬೇಕು.

ಕೆಳಗಿನ ಪವರ್ ಅದಕ್ಕಿಂತ ಮುಖ್ಯ. ದಟ್ಟ ಪೈನ್ ಕಾಡಿನಲ್ಲಿ 40 ಗಜಕ್ಕೇ ಎಲ್ಕ್ ಎದ್ದು ಓಡುವುದುಂಟು. ಆಗ 5ರಿಂದ ಶುರುವಾಗುವ ಸ್ಕೋಪಿನಲ್ಲಿ ಬರೀ ಕೂದಲು ಕಾಣುತ್ತದೆ. ಕೆಳಗೆ 2.5 ಅಥವಾ 3 ಇರಲಿ.

ಮುಂದಿನ ಗಾಜು 56 ಮಿ.ಮೀ. ಇದ್ದರೆ ಬೆಳಕು ಜಾಸ್ತಿ ಬರುತ್ತದೆ ಅಂತಾರೆ?

ಬರುತ್ತದೆ, ಆದರೆ ನಿಮ್ಮ ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಉಪಯೋಗ. ಮುಂದಿನ ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿ. 44 ಮಿ.ಮೀ. ಗಾಜು, 8 ಪವರ್ ಅಂದರೆ 5.5 ಮಿ.ಮೀ. ಅಗಲದ ಬೆಳಕು ಹೊರಗೆ ಬರುತ್ತದೆ. ವಯಸ್ಸಾಗುತ್ತಾ ಕತ್ತಲೆಯಲ್ಲಿ ಕಣ್ಣಿನ ಪಾಪೆ ಹಿಗ್ಗುವುದು ಕಡಿಮೆಯಾಗುತ್ತದೆ, ನಡುವಯಸ್ಸು ದಾಟಿದವರಿಗೆ 5 ಮಿ.ಮೀ. ಸಿಕ್ಕರೆ ಸಾಕು. ಕೊಲೊರಾಡೊದಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆಯಿಂದ ಮುಳುಗಿದ ಅರ್ಧ ಗಂಟೆಯವರೆಗೆ ಹೊಡೆಯಬಹುದು. ಆ ಮಬ್ಬಿನಲ್ಲಿ ಪವರ್ ಸ್ವಲ್ಪ ಇಳಿಸಿದರೆ 44ರಲ್ಲೇ ಕೆಲಸ ಆಗುತ್ತದೆ. 56ರ ಗಾಜು ಹಾಕಿದರೆ ಸ್ಕೋಪನ್ನು ಎತ್ತರಕ್ಕೆ ಕೂರಿಸಬೇಕು, ಆಗ ಕೆನ್ನೆ ಸ್ಟಾಕ್ ಬಿಟ್ಟು ಮೇಲೇಳುತ್ತದೆ. ಸ್ಕೋಪಿನ ಆಯ್ಕೆ ಸ್ಟಾಕಿಗೆ ತಗುಲಿಕೊಳ್ಳುವುದು ಹೀಗೆ.

ಎಂಒಎ ತಗೊಳ್ಳಬೇಕಾ, ಮಿಲ್ ತಗೊಳ್ಳಬೇಕಾ?

ಎರಡೂ ಗುರಿಯನ್ನು ಎಷ್ಟು ಸರಿಸಬೇಕು ಅಂತ ಹೇಳುವ ಕೋನದ ಅಳತೆಗಳೇ. 1 ಎಂಒಎ 100 ಗಜದಲ್ಲಿ 1.047 ಇಂಚು. 1 ಮಿಲ್ 100 ಗಜದಲ್ಲಿ 3.6 ಇಂಚು, 100 ಮೀಟರ್‌ನಲ್ಲಿ ಸರಿಯಾಗಿ 10 ಸೆಂ.ಮೀ. ಮೆಟ್ರಿಕ್ ಕಲಿತು ಬೆಳೆದ ನಮಗೆ ಮಿಲ್ ಸಲೀಸು. ಜೊತೆಗೆ ಬರುವ ಗೆಳೆಯರು ಏನು ಬಳಸುತ್ತಾರೋ ಅದನ್ನೇ ತಗೊಂಡರೆ ಇನ್ನೂ ಒಳ್ಳೆಯದು, ಪಕ್ಕದಲ್ಲಿ ಕೂತು ಹೇಳುವವರ ಮಾತು ತಕ್ಷಣ ಅರ್ಥವಾಗುತ್ತದೆ. ಮಾಡಬಾರದ್ದು ಒಂದೇ: ಒಳಗೆ ಕಾಣುವ ಗುರಿಯ ಗೆರೆಗಳು ಮಿಲ್‌ನಲ್ಲಿ, ಎತ್ತರ ಹೊಂದಿಸುವ ಮೇಲಿನ ಗುಂಡಿ ಎಂಒಎಯಲ್ಲಿ ಇರುವ ಸ್ಕೋಪ್. ಹಳೇ ಮಾದರಿಗಳಲ್ಲಿ ಇಂಥವು ಇವೆ, ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನೋಡಿಕೊಳ್ಳಿ.

ಫಸ್ಟ್ ಫೋಕಲ್ ಪ್ಲೇನ್, ಸೆಕೆಂಡ್ ಫೋಕಲ್ ಪ್ಲೇನ್: ಶಿಕಾರಿಗೆ ಯಾವುದು?

ಫಸ್ಟ್‌ನಲ್ಲಿ ಪವರ್ ಏರಿಸಿದಂತೆ ಗೆರೆಗಳೂ ದೊಡ್ಡದಾಗುತ್ತವೆ. ಹಾಗಾಗಿ ಗೆರೆಯ ಅಳತೆ ಯಾವ ಪವರ್‌ನಲ್ಲೂ ಸರಿಯಾಗಿರುತ್ತದೆ. ಸೆಕೆಂಡ್‌ನಲ್ಲಿ ಗೆರೆಗಳ ಗಾತ್ರ ಬದಲಾಗದು, ಆದರೆ ಅಳತೆ ಸರಿ ಇರುವುದು ಒಂದೇ ಪವರ್‌ನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ. 15 ಪವರ್‌ನಲ್ಲಿ 2 ಎಂಒಎ ತೋರಿಸುವ ಗೆರೆ 7.5ರಲ್ಲಿ 4 ಎಂಒಎ ಆಗಿರುತ್ತದೆ. ಅವಸರದಲ್ಲಿ ಇದನ್ನು ಮರೆತರೆ ಗುಂಡು ಗುರಿ ಬಿಟ್ಟು ಹೋಗುತ್ತದೆ.

ಆದರೂ ನಾನು ಶಿಕಾರಿಗೆ ಸೆಕೆಂಡ್ ಕಡೆಗೇ ವಾಲುತ್ತೇನೆ. ಮಬ್ಬು ಬೆಳಕಿನಲ್ಲಿ, ಕಡಿಮೆ ಪವರ್‌ನಲ್ಲಿ, ಕಪ್ಪು ಮರಗಳ ಎದುರು ಫಸ್ಟ್‌ನ ಗೆರೆ ಕೂದಲಿನಷ್ಟು ತೆಳುವಾಗಿ ಕಣ್ಣಿಗೆ ಸಿಗದೇ ಹೋಗುತ್ತದೆ. ಎತ್ತರಕ್ಕೆ ಗುಂಡಿ ತಿರುಗಿಸಿ, ಗಾಳಿಗೆ ಮಾತ್ರ ಗೆರೆ ಬಳಸುವವರು ಫುಲ್ ಪವರ್‌ಗೆ ಹೋಗುವ ಅಭ್ಯಾಸ ಮಾಡಿಕೊಂಡರೆ ಸೆಕೆಂಡ್ ತೊಂದರೆ ಕೊಡಲ್ಲ. ಇನ್ನು ಒಳಗೆ ದೀಪ ಇರುವ, ದಪ್ಪ ಅಂಚಿನ ಗೆರೆಗಳ ಫಸ್ಟ್ ಸಿಕ್ಕರೆ ಅದನ್ನೂ ಧೈರ್ಯವಾಗಿ ತಗೊಳ್ಳಬಹುದು.

ಗುಂಡಿ ತಿರುಗಿಸುವ ಸ್ಕೋಪ್ ಬೇಕೇ ಬೇಕಾ?

300 ಗಜದೊಳಗೆ ಬೇಡ. 200 ಗಜಕ್ಕೆ ಝೀರೋ ಮಾಡಿಟ್ಟರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿಟ್ಟರೆ, ಬೆನ್ನಿನ ಕೆಳಗೆ ಗುರಿಯಿಟ್ಟು ಹೊಡೆಯಬಹುದು. ಅದರಾಚೆಗೆ ಬೇಕು. ಎತ್ತರದ ಗುಂಡಿಗೆ ಝೀರೋ ಸ್ಟಾಪ್ ಇರಲಿ, ಅಂದರೆ ಎಷ್ಟು ತಿರುಗಿಸಿದರೂ ವಾಪಸ್ ಬಂದಾಗ ಝೀರೋದಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಬ್ಯಾಗಿಗೆ ಉಜ್ಜಿ ತಾನಾಗೇ ತಿರುಗದಂತೆ ಲಾಕ್ ಇದ್ದರೆ ಇನ್ನೂ ಚೆನ್ನ. ಪಕ್ಕದ ಗುಂಡಿಗೆ ಮುಚ್ಚಳ ಇರಲಿ, ಗಾಳಿಗೆ ಗೆರೆ ಬಳಸಿದರೆ ಸಾಕು.

ಗುಂಡು ಬೀಳುವ ಲೆಕ್ಕವನ್ನು ಶಿಕಾರಿಯ ಎತ್ತರಕ್ಕೇ ಮಾಡಿಕೊಳ್ಳಿ. 9,000 ಅಡಿಯ ತೆಳು ಗಾಳಿಯಲ್ಲಿ ಗುಂಡು ಕಡಿಮೆ ಬೀಳುತ್ತದೆ. ಸಮುದ್ರ ಮಟ್ಟದಲ್ಲಿ ಮಾಡಿದ ಪಟ್ಟಿ ಅಲ್ಲಿಗೆ ಹೊಂದಲ್ಲ.

ತಗೊಂಡ ಸ್ಕೋಪ್ ಸರಿಯಿದೆ ಅಂತ ತಿಳಿಯುವುದು ಹೇಗೆ?

ಇದನ್ನು ದಯವಿಟ್ಟು ಬಿಡಬೇಡಿ. ಗಾಜು ಎಷ್ಟು ಹೊಳೆಯುತ್ತದೆ ಅನ್ನುವುದಕ್ಕಿಂತ, ಸ್ಕೋಪ್ ಝೀರೋ ಹಿಡಿದುಕೊಳ್ಳುತ್ತಾ, ತಿರುಗಿಸಿದಷ್ಟೇ ಚಲಿಸುತ್ತಾ ಅನ್ನುವುದು ನೂರು ಪಾಲು ಮುಖ್ಯ. ಅಂಗಡಿಯ ಕೌಂಟರಿನಲ್ಲಿ ನಿಂತು ಗೋಡೆ ನೋಡಿದರೆ ಇದು ತಿಳಿಯಲ್ಲ.

ಉದ್ದನೆಯ ರಟ್ಟು ಅಥವಾ ಪ್ಲೈವುಡ್ ಹಲಗೆ ತಗೊಂಡು 100 ಗಜದಲ್ಲಿ ನಿಲ್ಲಿಸಿ. ದೂರವನ್ನು ಟೇಪಿನಿಂದ ಅಳೆದರೆ ಒಳ್ಳೆಯದು, ಕೆಲವು ರೇಂಜ್‌ಗಳ 100 ಗಜ ಪೂರ್ತಿ 100 ಇರಲ್ಲ. ಹಲಗೆಯ ಮೇಲೆ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ಅದರಗುಂಟ ಮಾರ್ಕರ್‌ನಿಂದ ನೇರ ಗೆರೆ ಎಳೆಯಿರಿ. ಗೆರೆಯ ತಳದಲ್ಲಿ ಒಂದು ಚುಕ್ಕೆ. ಅದಕ್ಕೆ ಗುರಿಯಿಟ್ಟು ಮೂರು ಗುಂಡು ಹೊಡೆಯಿರಿ. ಈಗ ಗುಂಡಿಯನ್ನು 30 ಎಂಒಎ ಮೇಲೇರಿಸಿ, ಗುರಿ ಅದೇ ಚುಕ್ಕೆಗೆ ಇಟ್ಟು ಇನ್ನೂ ಮೂರು. ಎರಡೂ ಗುಂಪಿನ ನಡುವೆ 31.4 ಇಂಚು ಇರಬೇಕು. ಮಿಲ್ ಸ್ಕೋಪ್ ಆದರೆ 10 ಮಿಲ್‌ಗೆ 36 ಇಂಚು. ಕಡಿಮೆಯೋ ಜಾಸ್ತಿಯೋ ಇದ್ದರೆ ಎಷ್ಟು ಪ್ರತಿಶತ ವ್ಯತ್ಯಾಸ ಅಂತ ಬರೆದಿಟ್ಟುಕೊಳ್ಳಿ. ಒಂದೆರಡು ಪ್ರತಿಶತವಾದರೆ ಲೆಕ್ಕದಲ್ಲಿ ಸರಿದೂಗಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಕಂಪನಿಗೆ ವಾಪಸ್ ಕಳಿಸಿ.

ಮೇಲಿನ ಗುಂಪು ಗೆರೆ ಬಿಟ್ಟು ಪಕ್ಕಕ್ಕೆ ಹೋಗಿದ್ದರೆ ಸ್ಕೋಪ್ ಓರೆಯಾಗಿ ಕೂತಿದೆ ಅಥವಾ ನೀವು ರೈಫಲನ್ನು ವಾಲಿಸಿ ಹಿಡಿದಿದ್ದೀರಿ ಎಂದರ್ಥ. ಕೊನೆಗೆ ಗುಂಡಿಯನ್ನು ಝೀರೋಗೆ ತಂದು ಒಂದು ಗುಂಡು ಹೊಡೆಯಿರಿ. ಅದು ಮೊದಲ ಗುಂಪಿನೊಳಗೇ ಬೀಳಬೇಕು. ಬೀಳದಿದ್ದರೆ ಆ ಸ್ಕೋಪನ್ನು ಬೆಟ್ಟಕ್ಕೆ ಒಯ್ಯಬೇಡಿ, ಬೆಲೆ ಎಷ್ಟೇ ಇರಲಿ.

ಯಾವ ಕಂಪನಿ?

ಒರೆಗನ್‌ನ ಲ್ಯೂಪೋಲ್ಡ್ ಹಗುರಕ್ಕೆ ಹೆಸರುವಾಸಿ. ಅವರ ವಿಎಕ್ಸ್-5ಎಚ್‌ಡಿ 3–15 × 44 ಸುಮಾರು 560 ಗ್ರಾಂ ಅಷ್ಟೇ. ಐಡಾಹೊದ ಓರೊಫಿನೊದಲ್ಲಿರುವ ನೈಟ್‌ಫೋರ್ಸ್ ಗಟ್ಟಿತನಕ್ಕೆ ಹೆಸರಾದದ್ದು, ಆದರೆ ತೂಕ ಜಾಸ್ತಿ. ಅವರ 5–25 × 56 ಅಟ್ಯಾಕರ್ ಒಂದು ಕಿಲೋ ದಾಟುತ್ತದೆ. ಆಸ್ಟ್ರಿಯಾದ ಸ್ವರೋವ್ಸ್ಕಿಯ ಗಾಜು ಮುಸ್ಸಂಜೆಯಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ವಿಸ್ಕಾನ್ಸಿನ್‌ನ ವೊರ್ಟೆಕ್ಸ್‌ನಲ್ಲಿ ಎಲ್ಲ ಬೆಲೆಯವೂ ಇವೆ. ನಾನು ಹೆಸರಿಗಿಂತ ಮೇಲಿನ ಹಲಗೆ ಪರೀಕ್ಷೆಯನ್ನು ನಂಬುತ್ತೇನೆ.

ಸ್ಟಾಕ್ ಬದಲಾಯಿಸಲೇಬೇಕಾ? ರೈಫಲ್ ಜೊತೆ ಬಂದದ್ದೇ ಇದೆ.

ಒಂದು ಸಣ್ಣ ಪರೀಕ್ಷೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ. ಒಂದು ಡಾಲರ್ ನೋಟನ್ನು ನಳಿಗೆ ಮತ್ತು ಸ್ಟಾಕಿನ ನಡುವೆ ತೂರಿಸಿ, ತುದಿಯಿಂದ ಹಿಂದಕ್ಕೆ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೇ ಆಕ್ಷನ್‌ವರೆಗೆ (ನಳಿಗೆಯ ಹಿಂದೆ ಬೋಲ್ಟ್ ಕೂರುವ ಭಾಗ) ಬರಬೇಕು. ಈಗ ಬೈಪಾಡ್ (ಎರಡು ಕಾಲಿನ ಆಸರೆ) ಹಾಕಿ, ಮಲಗಿ, ಭುಜದಿಂದ ಮುಂದಕ್ಕೆ ಒತ್ತಿ ಹಿಡಿದು, ಇನ್ನೊಬ್ಬರ ಕೈಯಲ್ಲಿ ಅದೇ ನೋಟನ್ನು ಎಳೆಸಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕಾದರೆ ಮುಂಭಾಗ ಬಾಗಿ ನಳಿಗೆಗೆ ತಾಗಿರುತ್ತದೆ, ನೋಟು ಅಲ್ಲೇ ಹಿಡಿದುಕೊಳ್ಳುತ್ತದೆ. ಒಂದೊಂದು ಸಲ ಒಂದೊಂದು ಕಡೆ ತಾಗಿದರೆ ಗುಂಡೂ ಒಂದೊಂದು ಕಡೆ ಹೋಗುತ್ತದೆ. ಸ್ಕೋಪಿನದ್ದೇ ದೋಷ ಅಂದುಕೊಂಡು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುವವರಿದ್ದಾರೆ. ನೋಟು ಸಲೀಸಾಗಿ ಬಂದರೆ, ಅಳತೆಯೂ ನಿಮಗೆ ಸರಿಯಿದ್ದರೆ, ಸುಮ್ನೆ ದುಡ್ಡು ಹಾಕಬೇಡಿ.

ಅಳತೆ ಸರಿಯಿದೆ ಅಂತ ಹೇಗೆ ಗೊತ್ತಾಗುತ್ತದೆ?

ಶಿಕಾರಿಗೆ ಹಾಕುವ ದಪ್ಪ ಜಾಕೆಟ್ ಹಾಕಿಕೊಳ್ಳಿ, ಬೇಸಿಗೆಯ ಟೀ ಶರ್ಟಿನಲ್ಲಿ ಅಳತೆ ನೋಡಬೇಡಿ. ಖಾಲಿ ರೈಫಲ್ ಹಿಡಿದು ಮಲಗಿ. ಕಣ್ಣು ಮುಚ್ಚಿ, ಕೆನ್ನೆಯನ್ನು ಪೂರ್ತಿ ಭಾರ ಬಿಟ್ಟು ಸ್ಟಾಕಿನ ಮೇಲೆ ಇಡಿ. ಕತ್ತು ಸಡಿಲವಾಗಿರಲಿ. ಈಗ ಕಣ್ಣು ತೆರೆಯಿರಿ. ಸ್ಕೋಪಿನೊಳಗೆ ದುಂಡಗೆ ಪೂರ್ತಿ ಚಿತ್ರ ಕಂಡರೆ ಸರಿ. ಕೆಳಗೋ ಮೇಲೋ ಕಪ್ಪು ನೆರಳು ಕಂಡು ತಲೆ ಎತ್ತಬೇಕಾಗಿ ಬಂದರೆ ಕೆನ್ನೆಯ ಜಾಗ ತಗ್ಗಿನಲ್ಲಿದೆ. ಅಲ್ಲಿಗೆ ಕೆನ್ನೆಪಟ್ಟಿ ಕಟ್ಟಬೇಕು ಅಥವಾ ಎತ್ತರ ಹೊಂದಿಸುವ ಸ್ಟಾಕ್ ಬೇಕು. ಹಳೆಯ ಕಾಲದ ಸ್ಟಾಕ್‌ಗಳು ನಳಿಗೆಯ ಮೇಲಿನ ಕಬ್ಬಿಣದ ಗುರಿಗೆ ಮಾಡಿದವು, ದೊಡ್ಡ ಸ್ಕೋಪಿಗಲ್ಲ.

ಪೂರ್ತಿ ಚಿತ್ರ ಕಾಣಲು ತಲೆ ಹಿಂದೆ ಮುಂದೆ ಸರಿಸಬೇಕಾದರೆ ಸ್ಟಾಕಿನ ಉದ್ದ ಅಥವಾ ಸ್ಕೋಪಿನ ಜಾಗ ತಪ್ಪಿದೆ. ಕಾರ್ಖಾನೆಯ ಸ್ಟಾಕ್‌ಗಳಲ್ಲಿ ಟ್ರಿಗರ್‌ನಿಂದ ಹಿಂದಿನ ರಬ್ಬರಿನವರೆಗೆ ಸಾಮಾನ್ಯವಾಗಿ 13.5 ಇಂಚು ಇರುತ್ತದೆ. ಐದೂವರೆ ಅಡಿ ಎತ್ತರದವರಿಗೆ ದಪ್ಪ ಜಾಕೆಟ್ ಮೇಲೆ ಇದು ಉದ್ದವಾಗುತ್ತದೆ, 13 ಅಥವಾ ಅದಕ್ಕೂ ಕಡಿಮೆ ಬೇಕಾಗಬಹುದು. ಹೆಂಗಸರಿಗೆ, ಹದಿಹರೆಯದವರಿಗಂತೂ ಇದನ್ನು ನೋಡಲೇಬೇಕು. ಬಿಲ್ಲೆಗಳನ್ನು ಹಾಕಿ ತೆಗೆದು ಉದ್ದ ಹೊಂದಿಸುವ ಸ್ಟಾಕ್ ಇದ್ದರೆ ಮನೆಯವರೆಲ್ಲ ಒಂದೇ ರೈಫಲ್ ಬಳಸಬಹುದು. ಸ್ಕೋಪಿನ ಹಿಂದಿನ ಅಂಚಿಗೂ ಹುಬ್ಬಿಗೂ ಮೂರೂವರೆ ಇಂಚಾದರೂ ಅಂತರ ಇರಲಿ. .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಜೋರು ತೋಟಾದ ರೈಫಲ್ ಒದ್ದಾಗ ಹುಬ್ಬು ಸೀಳುವುದು ನಿಜ.

ಕೆನ್ನೆಯ ಜಾಗ ಮುಂದಕ್ಕೆ ಬಂದಂತೆ ತಗ್ಗುವ ಸ್ಟಾಕ್ ಒಳ್ಳೆಯದು. ಒದೆತಕ್ಕೆ ರೈಫಲ್ ಹಿಂದಕ್ಕೆ ಬಂದಾಗ ಅದು ಕೆನ್ನೆಗೆ ಗುದ್ದದೇ ಜಾರಿಕೊಳ್ಳುತ್ತದೆ.

ಮರ, ಫೈಬರ್‌ಗ್ಲಾಸ್, ಕಾರ್ಬನ್, ಅಲ್ಯೂಮಿನಿಯಂ ಚಾಸಿ: ಯಾವುದು?

ವಾಲ್‌ನಟ್ ಮರ ಕೈಗೆ ಬೆಚ್ಚಗಿರುತ್ತದೆ, ನೋಡಲು ಅದಕ್ಕಿಂತ ಚೆಂದದ್ದು ಇಲ್ಲ. ಆದರೆ ಮಳೆ, ಹಿಮ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರ ಜೊತೆ ಝೀರೋ ಕೂಡ ಸರಿಯುತ್ತದೆ. ಅಂಟಿಸಿದ ಪದರಗಳ ಲ್ಯಾಮಿನೇಟ್ ಮರ ಸ್ಥಿರ, ಆದರೆ ಭಾರ.

ಫೈಬರ್‌ಗ್ಲಾಸ್ ನನ್ನ ಆಯ್ಕೆ. ಅರಿಜೋನಾದ ಮ್ಯಾಕ್‌ಮಿಲನ್, ಒಳಗೆ ಅಲ್ಯೂಮಿನಿಯಂ ದಿಮ್ಮಿ ಕೂರಿಸಿ ಮಾಡುವ ದಕ್ಷಿಣ ಡಕೋಟಾದ ಎಚ್‌ಎಸ್ ಪ್ರಿಸಿಷನ್, ಮಿಸೌರಿಯ ಮ್ಯಾನರ್ಸ್ ಎಲ್ಲ ನಂಬಬಹುದಾದವು. ಕಾರ್ಬನ್ ಫೈಬರ್ ಹಾಕಿದರೆ ಸ್ಟಾಕ್ ಒಂದು ಕಿಲೋದೊಳಗೆ ಬರುತ್ತದೆ, ಬೆಲೆ ಮೇಲಕ್ಕೆ ಹೋಗುತ್ತದೆ. ಚಾಸಿಯಲ್ಲಿ, ಅಂದರೆ ಲೋಹದ ಚೌಕಟ್ಟಿನ ಸ್ಟಾಕಿನಲ್ಲಿ, ಎಲ್ಲವನ್ನೂ ಹೊಂದಿಸಿಕೊಳ್ಳಬಹುದು, ಸ್ಪರ್ಧೆಗೆ ಅದು ಸರಿ. ನವೆಂಬರ್ ಬೆಳಗ್ಗೆ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಬರಿಯ ಅಲ್ಯೂಮಿನಿಯಂಗೆ ಕೆನ್ನೆ ಇಟ್ಟು ನೋಡಿದವರು ಆಮೇಲೆ ಬಟ್ಟೆ ಸುತ್ತುತ್ತಾರೆ.

ನಿಮ್ಮದು 1962ರಲ್ಲಿ ಬಂದ ರೆಮಿಂಗ್‌ಟನ್ 700 ಅಥವಾ ಅದೇ ಅಚ್ಚಿನದ್ದಾದರೆ ಸ್ಟಾಕ್‌ಗಳ ಆಯ್ಕೆಗೆ ಬರವಿಲ್ಲ. ಬೇರೆ ಮಾದರಿಯಾದರೆ ಮೊದಲು ಸಿಗುತ್ತದೆಯೇ ಅಂತ ವಿಚಾರಿಸಿ. ಎಡಗೈಯವರು ಇದನ್ನು ಎರಡು ಸಲ ವಿಚಾರಿಸಿ.

ಬೆಡ್ಡಿಂಗ್ ಅಂದರೇನು, ಬೇಕಾ?

ಆಕ್ಷನ್ ಸ್ಟಾಕಿನ ಮೇಲೆ ಕೂರುವ ಜಾಗಕ್ಕೆ ಎಪಾಕ್ಸಿ ಹಾಕಿ, ಅದರ ಅಚ್ಚನ್ನೇ ತೆಗೆಯುವುದು. ನಾಲ್ಕು ಕಾಲೂ ನೆಲಕ್ಕೆ ಸರಿಯಾಗಿ ಕೂರದ ಮೇಜಿನ ಹಾಗೆ, ಬೆಡ್ಡಿಂಗ್ ಇಲ್ಲದ ಆಕ್ಷನ್ ಪ್ರತಿ ಈಡಿಗೂ ಒಂಚೂರು ಅಲುಗುತ್ತದೆ. ಸ್ಕ್ರೂಗಳ ಸುತ್ತ ಲೋಹದ ಕೊಳವೆ ಇದ್ದರೆ ಬಿಗಿತ ಬದಲಾಗುವುದಿಲ್ಲ. ಹೊಸ ಸ್ಟಾಕ್ ಹಾಕಿಸುವಾಗಲೇ ಒಳ್ಳೆಯ ಗನ್‌ಸ್ಮಿತ್ ಹತ್ತಿರ ಇದನ್ನೂ ಮಾಡಿಸಿಬಿಡಿ.

ಒಟ್ಟು ತೂಕ ಎಷ್ಟಿರಬೇಕು?

ಸ್ಕೋಪ್ ಸೇರಿ ನಾಲ್ಕು ಕಿಲೋ ಆಸುಪಾಸು ನನಗೆ ಹಿಡಿಸುತ್ತದೆ. ಅದಕ್ಕಿಂತ ತೀರಾ ಹಗುರವಾದರೆ ಹೊರಲು ಸುಲಭ, ಆದರೆ ಏದುಸಿರು ಬಿಡುತ್ತಾ ಗುರಿ ಹಿಡಿದಾಗ ನಿಲ್ಲುವುದೇ ಇಲ್ಲ, ಒದೆತವೂ ಜಾಸ್ತಿ. ಐದೂವರೆ ಕಿಲೋ ಹೊತ್ತು 10,000 ಅಡಿಗೆ ಹತ್ತಿದವರು ಮಧ್ಯಾಹ್ನದ ಹೊತ್ತಿಗೆ ದಾರಿಯಲ್ಲೇ ಕೂತಿರುತ್ತಾರೆ. ಐಡಾಹೊದಲ್ಲಿ ಕಾನೂನೇ ಇದೆ: ದೊಡ್ಡ ಪ್ರಾಣಿಗಳ ಶಿಕಾರಿಗೆ ಎಲ್ಲ ಸೇರಿ 16 ಪೌಂಡಿಗಿಂತ ಭಾರದ ರೈಫಲ್ ಬಳಸುವಂತಿಲ್ಲ.

ಸ್ಕೋಪನ್ನು ನಾನೇ ಕೂರಿಸಬಹುದಾ?

ಧಾರಾಳವಾಗಿ. ಇಂಚು-ಪೌಂಡ್ ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್ ಮಾತ್ರ ಬೇಕೇ ಬೇಕು. ಸ್ಕೋಪ್ ಹಿಡಿಯುವ ರಿಂಗಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18, ಅದಕ್ಕಿಂತ ಬಿಗಿದರೆ ಸ್ಕೋಪಿನ ಕೊಳವೆ ನಜ್ಜಾಗುತ್ತದೆ. ಅಲ್ಯೂಮಿನಿಯಂ ಕೊಳವೆ ಇರುವ ಸ್ಟಾಕ್ ಆದರೆ ಆಕ್ಷನ್ ಸ್ಕ್ರೂಗಳಿಗೆ 65ರವರೆಗೆ. ನಿಮ್ಮ ತಯಾರಕರು ಬೇರೆ ಸಂಖ್ಯೆ ಹೇಳಿದ್ದರೆ ಅದೇ ಕೊನೆ ಮಾತು.

ಸ್ಕೋಪಿಗೆ ಸಣ್ಣ ರಸಮಟ್ಟ ಕಟ್ಟಿಕೊಳ್ಳಿ. ಬೆಟ್ಟದ ಇಳಿಜಾರಿನಲ್ಲಿ ಕಣ್ಣು ಮೋಸ ಮಾಡುತ್ತದೆ. ರೈಫಲ್ 5 ಡಿಗ್ರಿ ವಾಲಿದ್ದರೂ 500 ಗಜದಲ್ಲಿ ಸುಮಾರು 5 ಇಂಚು ಪಕ್ಕಕ್ಕೆ ಹೋಗುತ್ತದೆ.

ದುಡ್ಡು ಕಡಿಮೆ ಇದೆ. ಮೊದಲು ಯಾವುದಕ್ಕೆ ಹಾಕಲಿ?

ಸ್ಕೋಪಿಗೆ. ಸ್ಟಾಕಿಗೆ ಸದ್ಯಕ್ಕೆ ಕೆನ್ನೆಪಟ್ಟಿ, ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿ ಕೆಲಸ ನಡೆಸಬಹುದು. ಝೀರೋ ಹಿಡಿಯದ ಸ್ಕೋಪಿಗೆ ಮದ್ದಿಲ್ಲ. ಎರಡಕ್ಕೂ ಮುಂಚೆ ತೋಟಾಗಳಿಗೆ ದುಡ್ಡು ಎತ್ತಿಡಿ. ಅಭ್ಯಾಸಕ್ಕೆ ಗುಂಡಿಲ್ಲದ ಮೇಲೆ ದುಬಾರಿ ಸ್ಕೋಪ್ ಏನು ಮಾಡೀತು?

ದೂರ, ಲೆಕ್ಕ ಎಲ್ಲ ತಾನೇ ತೋರಿಸುವ ಎಲೆಕ್ಟ್ರಾನಿಕ್ ಸ್ಕೋಪ್ ಹಾಕಬಹುದಾ?

ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಐಡಾಹೊದಲ್ಲಿ ಗೆರೆಗೆ ಬೆಳಕು ಕೊಡುವ ದೀಪ ಬಿಟ್ಟು ಬೇರೆ ಎಲೆಕ್ಟ್ರಾನಿಕ್ಸ್ ರೈಫಲ್ ಮೇಲೆ ಇರುವಂತಿಲ್ಲ. ಯಾವ ರಾಜ್ಯಕ್ಕೆ ಹೋಗುತ್ತೀರೋ ಅಲ್ಲಿನ ಆ ವರ್ಷದ ನಿಯಮಪುಸ್ತಕ ಓದಿಯೇ ಕೊಳ್ಳಿ. ಕೊಲೊರಾಡೊದಲ್ಲಾದರೆ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲ ಹಂಟರ್ ಎಜುಕೇಷನ್ ಮಾಡಿರಬೇಕು. ಆ ತರಗತಿಯಲ್ಲೂ ಇದನ್ನೆಲ್ಲ ಕೇಳಬಹುದು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಇಟ್ಟುಕೊಳ್ಳಬಹುದಾ?

ಅಮೆರಿಕದ ಕೇಂದ್ರ ಕಾನೂನಿನಂತೆ ವಲಸೆಯೇತರ ವೀಸಾದವರು ಸಾಮಾನ್ಯವಾಗಿ ಬಂದೂಕು, ತೋಟಾ ಹೊಂದುವಂತಿಲ್ಲ. ಚಾಲ್ತಿಯಲ್ಲಿರುವ ರಾಜ್ಯದ ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸಿನ ಅವಧಿ ಮುಗಿದ ಮೇಲೂ ರೈಫಲ್ ಮನೆಯಲ್ಲಿದ್ದರೆ ಅದು ಅಪರಾಧ, ವೀಸಾಕ್ಕೇ ಕುತ್ತು. ಗೆಳೆಯನ ರೈಫಲನ್ನು ರೇಂಜಿನಲ್ಲಿ ಕೈಗೆ ತಗೊಳ್ಳುವುದಕ್ಕೂ ಇದೇ ನಿಯಮ. ಒಂದು ಸಲ ವಕೀಲರ ಹತ್ತಿರ ಮಾತಾಡಿಕೊಂಡೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ.

ರಜೆಗೆ ಊರಿಗೆ ಹೋಗುವಾಗ ಚಿಕ್ಕಪ್ಪನ ಕೋವಿಗೆ ಒಂದು ಸ್ಕೋಪ್ ಒಯ್ಯಲಾ?

ಬೇಡ. ಬಂದೂಕಿನ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣದಡಿ ಬರುತ್ತವೆ, ಪರವಾನಗಿ ಇಲ್ಲದೇ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೊರಟರೆ ಅದು ಅಪರಾಧ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯೂ ನಿಷಿದ್ಧ. ಚಿಕ್ಕಪ್ಪ ಕೊಡಗಿನವರಾಗಿದ್ದು ಕೈಲ್ ಪೋಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಾದರೂ ಆ ದೂರಕ್ಕೆ ಸ್ಕೋಪ್ ಬೇಕಾಗಲ್ಲ. ಅವರಿಗೆ ಒಳ್ಳೆಯ ಬೈನಾಕ್ಯುಲರ್ ಒಯ್ಯಿರಿ, ತೋಟಕ್ಕೆ ಬರುವ ಹಕ್ಕಿಗಳನ್ನು ನೋಡುತ್ತಾರೆ.